ಬಾಡಿಗೆ ಮೇಘ

ನಮ್ಮ ಕ್ರೈಸ್ತ ಸಭೆಗೆ ದೇವರ ಮಹಿಮೆ ಬಂದಿಳಿದದ್ದು ಬಂಗಾರಪೇಟೆಯಿಂದ, ಗೂಡ್ಸ್ ಆಟೋದಲ್ಲಿ. ಕುಹಕಕ್ಕೆ ಹೇಳುತ್ತಿಲ್ಲ. ನನ್ನ ಹೊಲಿಗೆ ಅಂಗಡಿಯ ಪಕ್ಕದ ಡೆಕೊರೇಷನ್ ಅಂಗಡಿಯಿಂದ ಅದನ್ನು ಹತ್ತಿಸುವುದನ್ನು ಕಣ್ಣಾರೆ ಕಂಡೆ. ಮದುವೆ ರಿಸೆಪ್ಷನ್ನಿನಲ್ಲಿ ಹೆಣ್ಣು ಗಂಡು ಸ್ಟೇಜಿಗೆ ನಡೆದು ಬರುವಾಗ ಕಾಲ ಬುಡದಲ್ಲಿ ಬುಸ್ಸೆಂದು ಬಿಳಿ ಹೊಗೆ ಬಿಡುತ್ತಾರಲ್ಲ, ಆ ಮೆಷಿನ್ನು. ಜೊತೆಗೆ ಅದಕ್ಕೆ ಹೊಯ್ಯುವ ಗುಲಾಬಿ ವಾಸನೆಯ ನೀರಿನ ಕ್ಯಾನು.

ಅಂಗಡಿಯವನು ಹಣೆಗೆ ಕುಂಕುಮ ಇಡದೆ ಷಟರ್ ಎತ್ತದ ಮನುಷ್ಯ. ನನ್ನನ್ನು ನೋಡಿ, "ಅಕ್ಕ, ಇದು ಆಂಡರ್ಸನ್‌ಪೇಟೆ ನಿಮ್ ಸಭೆಗೇ ಓಗ್ತಾ ಐತೆ. ನಿಮ್ ದೇವ್ರಿಗೂ ರಿಸೆಪ್ಷನ್ ಇಟ್ಕೊಂಡವ್ರಾ?" ಎಂದ. ಪಾಪ, ಅವನು ತಿಳಿದುಕೊಳ್ಳಲಿಕ್ಕೇ ಕೇಳಿದ್ದು.

ಎಲ್ಲ ಶುರುವಾದದ್ದು ಹೊಸ ಪಾಸ್ಟರು ಬಂದ ಮೇಲೆ. ಅವರ ಬಾಯಲ್ಲಿ ಸದಾ ಒಂದೇ ಪದ, ಪ್ರಸನ್ನತೆ. ಕನ್ನಡದಲ್ಲಿ ಪ್ರಸನ್ನ ಅಂದರೆ ಒಲಿದವನು, ಮುಖ ಅರಳಿಸಿಕೊಂಡವನು. ಆದರೆ ಕೆ.ಜಿ.ಎಫ್.ನ ಸಭೆಗಳಲ್ಲಿ ಅದು ತಮಿಳಿನವರ ಬಾಯಿಂದ ನಮ್ಮ ಬಾಯಿಗೆ ಬಂದದ್ದು, ದೇವರು ಇಲ್ಲೇ ಬಂದು ನಿಂತಿದ್ದಾನೆ ಎಂಬ ಅರ್ಥದಲ್ಲಿ. "ಪ್ರಸನ್ನತೆ ಫೀಲ್ ಆಗ್ತಾ ಇದೆಯಾ?" ಎಂದು ಮೈಕಿನಲ್ಲಿ ಕೇಳುತ್ತಿದ್ದರು, ನಿಮ್ಮ ಮನೇಲಿ ಕರೆಂಟ್ ಇದೆಯಾ ಎಂದು ಪಕ್ಕದವರನ್ನು ವಿಚಾರಿಸುವ ಹಾಗೆ. ಆಗಲಿಲ್ಲ ಎಂದು ಒಪ್ಪಿಕೊಳ್ಳುವ ಗಂಡೆದೆ ಯಾರಿಗಿದೆ? ಎಲ್ಲರೂ ಕೈ ಎತ್ತುತ್ತಿದ್ದರು. ನಾನೂ ಎತ್ತಿದ್ದೇನೆ.

ಹಿಂದಿದ್ದ ಪಾಸ್ಟರು ಬೇರೆ ಥರ. ಮಹಿಮೆ ಎಂದು ನಾವು ಓದುವ ಜಾಗದಲ್ಲಿ ಹೀಬ್ರೂ ಮಾತಿನಲ್ಲಿರುವ ಪದದ ಬುಡದಲ್ಲಿ ತೂಕ ಎಂಬ ಅರ್ಥವಿದೆ ಎನ್ನುತ್ತಿದ್ದರು. ನಮ್ಮಲ್ಲೂ ತೂಕದ ಮನುಷ್ಯ ಅನ್ನುತ್ತೇವಲ್ಲ, ಹಾಗೆ ಎಂದು ಬಿಡಿಸಿ ಹೇಳುತ್ತಿದ್ದರು. ಹೊಸಬರಿಗೆ ತೂಕ ಬೇಕಿರಲಿಲ್ಲ, ಹಾರಾಡುವುದು ಏನಾದರೂ ಬೇಕಿತ್ತು. ಸೊಲೊಮೋನನ ದೇವಾಲಯದಲ್ಲಿ ಮೇಘ ತುಂಬಿಕೊಂಡು, ಸೇವೆ ಮಾಡಲು ಯಾಜಕರಿಗೆ ನಿಲ್ಲಲಿಕ್ಕೇ ಆಗಲಿಲ್ಲ ಎಂಬ ಭಾಗವನ್ನು ಹಿಡಿದುಕೊಂಡು ವಾರಗಟ್ಟಲೆ ಜಗ್ಗಿದರು. ಆ ಮೇಘಕ್ಕೆ ಸ್ವಿಚ್ಚು ಇರಲಿಲ್ಲ ಎಂಬುದನ್ನು ಮಾತ್ರ ಒಂದು ವಾರವೂ ಹೇಳಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿದ ಕೀರ್ತಿ ನಮ್ಮ ಸಭೆಗೆ ಸೇರಬೇಕು.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನಡುವೆ ನನ್ನಪ್ಪ ಇದ್ದ. ನಂದಿದುರ್ಗ ಗಣಿಯಲ್ಲಿ ನೆಲದಡಿ ದುಡಿದು ಎದೆಯ ತುಂಬ ಕಲ್ಲುದೂಳು ತುಂಬಿಕೊಂಡವನು. ಉರಿಗಾಂನಲ್ಲಿ ಗಣಿ ಕೆಲಸದವರ ಲೈನ್ ಮನೆಯಲ್ಲಿ ಬಾಗಿಲಿಗೆದುರಾಗಿ ಅವನ ಮಂಚ. ಬಚ್ಚಲಿಗೆ ಹೋಗಿ ಬಂದರೆ ಮಾತಾಡಲು ಹೊತ್ತು ಹಿಡಿಯುತ್ತಿತ್ತು. ಅವನಿಗೆ ಒಂದೇ ಒಂದು ಆಸೆ ಉಳಿದಿತ್ತು. ಸಭೆಯಲ್ಲಿ ಕುಳಿತು ಕರ್ತನ ಭೋಜನ ತೆಗೆದುಕೊಳ್ಳಬೇಕು, ಆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ.

"ಕೇಳಿಕೊಂಡರೆ ಮನೆಗೇ ತಂದುಕೊಡುತ್ತಾರಪ್ಪ" ಎಂದೆ.

"ಮನೇಗ್ ತಂದ್ಕೊಡೋದು ರೋಗಿಷ್ಟ್ರಿಗೆ ಕಣಮ್ಮ. ಕಣ್ಮುಚ್ಚೋದ್ರಾಗೆ ಒಂದ್ಸಲ ಎಲ್ರು ಜೊತೇಲಿ ಕುಂತು ತಗೋಬೇಕು ನಾನು."

ಭೋಜನದ ಭಾನುವಾರಕ್ಕೆ ಮೊದಲೇ ಪಾಸ್ಟರಿಗೆ ಫೋನ್ ಮಾಡಿದೆ. ಅಪ್ಪನ ಎದೆಯ ವಿಚಾರ ಹೇಳಿ, ಅವತ್ತೊಂದು ದಿನ ಆ ಮೆಷಿನ್ ಹಾಕಬೇಡಿ ಎಂದು ಬೇಡಿಕೊಂಡೆ. "ಮಹಿಮೆಯ ಮೇಘದಿಂದ ಯಾರಿಗೂ ಕೇಡಾಗಲ್ಲ ಸಿಸ್ಟರ್, ವಿಶ್ವಾಸ ಇಡಿ" ಎಂದರು. ನನ್ನ ವಿಶ್ವಾಸ ಗಟ್ಟಿಯೇ ಇತ್ತು. ಗಟ್ಟಿಯಿರದಿದ್ದದ್ದು ಅಪ್ಪನ ಶ್ವಾಸಕೋಶ.

ಆ ಭಾನುವಾರ ಅಪ್ಪನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಆಟೋ ಹತ್ತಿಸಿ, ಆಂಡರ್ಸನ್‌ಪೇಟೆಗೆ ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಹಾಡು ಜೋರಾದಂತೆ ಮೂಲೆಯಿಂದ ಬುಸ್ಸೆಂದಿತು. ಪುಣ್ಯಾತ್ಮರು ಫ್ಯಾನ್ ಬೇರೆ ಹಾಕಿದ್ದರು, ಮೇಘ ಹಿಂದಿನ ಸಾಲಿನವರೆಗೂ ತಲುಪಲಿ ಎಂದು. ಅಪ್ಪ ಮೊದಲು ತಡೆದುಕೊಂಡ. ಆಮೇಲೆ ಕೆಮ್ಮು ಕಿತ್ತುಕೊಂಡು ಬಂತು. ಎದ್ದು ಬಾಗಿಲಿಗೆ ಹೋಗಲು ನೋಡಿದ. ಕಾಲು ನಿಲ್ಲಲಿಲ್ಲ, ಕುರ್ಚಿಗಳ ನಡುವೆ ಕುಸಿದ.

ಸ್ಟೇಜಿನ ಮೇಲಿಂದ ಪಾಸ್ಟರು ಅದನ್ನು ಕಂಡರು. ಕಂಡು, ಮೈಕು ಬಾಯಿಗೆ ಹಿಡಿದು, "ನೋಡಿ ಸಭೆಯೇ, ನಿಲ್ಲಲಾಗದೆ ಬೀಳುತ್ತಿದ್ದಾರೆ, ಮಹಿಮೆ ಇಳಿದಿದೆ" ಎಂದರು. ಜನ ಚಪ್ಪಾಳೆ ತಟ್ಟಿದರು. ಉಸಿರಿಲ್ಲದೆ ಒದ್ದಾಡುವ ಮುದುಕನಿಗೆ ಚಪ್ಪಾಳೆ. ನನ್ನ ಮೈಯೆಲ್ಲ ಉರಿದುಹೋಯಿತು. ಕೂಗಾಡಲು ಸಮಯವಿರಲಿಲ್ಲ, ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಹೊರಗೆ ಬಂದೆ.

ಮೆಟ್ಟಿಲ ಮೇಲೆ ಕೂರಿಸಿ ಬೆನ್ನು ನೀವಿದೆ. ಮುಖಕ್ಕೆ ಬಣ್ಣ ಮರಳಿದ ಮೇಲೆ ಮನೆಗೆ ಹೋಗೋಣ ಎಂದರೆ ಕೇಳಲಿಲ್ಲ. "ತಡಿ, ಹೊಗೆ ಇಳೀಲಿ, ಕರೀತಾರೆ" ಎಂದ. ಗಣಿಯಲ್ಲಿ ಸಿಡಿಮದ್ದು ಹಾರಿಸಿದ ಮೇಲೆ ಹೊಗೆ ಇಳಿಯುವವರೆಗೂ ಯಾರೂ ಒಳಕ್ಕೆ ಹೋಗುವ ಹಾಗಿಲ್ಲವಂತೆ. ಮೇಸ್ತ್ರಿ ನೋಡಿಕೊಂಡು ಬಂದು, ಬನ್ರೋ ಎಂದು ಕರೆದರೆ ಮಾತ್ರ. ಅಪ್ಪನ ತಲೆಯಲ್ಲಿ ಸತ್ಯವೇದವೂ ಗಣಿಯೂ ಒಂದೇ ಸುರಂಗ. "ಮೋಶೆಗೂ ಗುಡಾರದೊಳಕ್ಕೆ ಓಗಾಕಾಗ್ಲಿಲ್ಲ, ಮೇಘ ಕವ್ಕೊಂಡಿತ್ತು. ಒಳ್ಗೆ ದೇವ್ರು ಕೆಲ್ಸದಾಗವ್ನೆ ಅಂತ ಅರ್ಥ. ಆಮೇಕೆ ಅವ್ನೇ ಕರೀತಾನೆ" ಎಂದು ಬಾಗಿಲ ಕಡೆಗೆ ಮುಖ ಮಾಡಿ ಕಾಯುತ್ತ ಕುಳಿತ.

ಒಳಗೆ ರೊಟ್ಟಿ ಹಂಚುವುದು ಶುರುವಾಯಿತು. ನಾನು ಬಾಗಿಲಲ್ಲಿದ್ದ ಸಭೆಯ ಹಿರಿಯರ ಬಳಿ ಹೋಗಿ, ಒಂದು ಚೂರು ಹೊರಗೆ ಕೊಡಿ ಎಂದೆ. "ಪ್ರಸನ್ನತೆ ಒಳಗೈತಲ್ಲ ಸಿಸ್ಟರ್, ಒಳಗ್ ಬಂದೇ ತಗೋಬೇಕು" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ಪೂಜಾರಿಗಳಿಲ್ಲ ಎಂದು ನಾವು ಜಂಬ ಪಡುತ್ತೇವೆ. ಸಭೆ ಮುಗಿಯಿತು, ಜನ ಚಪ್ಪಲಿ ಹುಡುಕಿಕೊಂಡು ಹೊರಟರು. ಅಪ್ಪನನ್ನು ಯಾರೂ ಕರೆಯಲಿಲ್ಲ.

ಅವತ್ತಿನಿಂದ ಅಪ್ಪ ಬದಲಾದ. ಬೆಳಗಿನ ಪ್ರಾರ್ಥನೆ ಬಿಟ್ಟ. ಮುದ್ದೆ ಮುರಿದು ಹಾಗೇ ತಟ್ಟೆಯಲ್ಲಿಟ್ಟು ಏಳುತ್ತಿದ್ದ. ನಾನು ಒತ್ತಾಯ ಮಾಡಿ ಕೇಳಿದ್ದಕ್ಕೆ ಗೋಡೆಯ ಕಡೆ ತಿರುಗಿ, "ಎಲ್ರುನೂ ಬಿಟ್ಕೊಂಡ, ನನ್ನೊಬ್ನ ಈಚೆಗ್ ತಳ್ದ. ಏನ್ ಪಾಪ ಕಂಡ್ನೋ ನನ್ನಲ್ಲಿ" ಎಂದ. ಅದು ಬಾಡಿಗೆ ಮೆಷಿನ್ ಕಣಪ್ಪ, ನನ್ನ ಅಂಗಡಿ ಪಕ್ಕದಿಂದ ಹೋಗಿದ್ದು ಎಂದರೆ ನಂಬಲೇ ಇಲ್ಲ.

"ಸುಳ್ಳೇಳ್ಬ್ಯಾಡ. ದೇವ್ರ ಮನೇಲಿ ಯಾರಾನಾ ಅಂಗ್ ಮಾಡ್ತಾರಾ?"

ಪಾಸ್ಟರು ಮೋಸ ಮಾಡಿದ್ದಾರೆ ಎಂದು ನಂಬುವುದಕ್ಕಿಂತ, ದೇವರಿಗೆ ತಾನು ಬೇಡವಾದೆ ಎಂದು ನಂಬುವುದು ಅವನಿಗೆ ಸುಲಭವಾಗಿತ್ತು. ಇಂಥ ಮನುಷ್ಯರ ನೆತ್ತಿಯ ಮೇಲೇ ಇಂಥ ಪಾಸ್ಟರುಗಳು ಕುಣಿಯುವುದು.

ಮಾತಿನಿಂದ ಆಗದು ಎಂದುಕೊಂಡು ಡೆಕೊರೇಷನ್ ಅಂಗಡಿಯವನನ್ನು ಕೇಳಿದೆ. ಶನಿವಾರ ಭಾನುವಾರ ಬಿಟ್ಟರೆ ಮೆಷಿನ್ ಅವನ ಅಂಗಡಿಯಲ್ಲೇ ಬಿದ್ದಿರುತ್ತಿತ್ತು. ವಿಷಯ ಕೇಳಿ ಅವನೇ ಆಟೋದಲ್ಲಿಟ್ಟುಕೊಂಡು ನನ್ನ ಜೊತೆ ಉರಿಗಾಂಗೆ ಬಂದ. ಮೆಷಿನ್ನನ್ನು ಅಪ್ಪನ ಮಂಚದ ಮೇಲೇ ಇಟ್ಟು, "ತಾತ, ಇದೇ ನೋಡು ನಿಮ್ ಸಭೆಗ್ ಓಗೋದು. ಸನಿವಾರ ಮದ್ವೆ, ಬಾನ್ವಾರ ನಿಮ್ದು" ಎಂದ. ಅಪ್ಪ ಅದರ ಮೂತಿಗೆ ಬೆರಳಿಟ್ಟು ಮೂಸಿದ. ಗುಲಾಬಿ ವಾಸನೆ. ಅವತ್ತು ಎದೆಗೆ ಹೊಕ್ಕಿದ್ದು ಅದೇ ಎಂದು ಅವನಿಗೆ ಗೊತ್ತಾಯಿತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಅಂಗಾದ್ರೆ ನನ್ನ ಬ್ಯಾಡ ಅಂದಿದ್ದು ಅವ್ನಲ್ಲ" ಎಂದ ಕೊನೆಗೆ. ಸ್ವಲ್ಪ ಸುಧಾರಿಸಿಕೊಂಡು, "ಅಯ್ನೋರಿಗೆ ದೇವ್ರು ಬತ್ತಾನೆ ಅನ್ನೋ ನಂಬ್ಕೆ ಇಲ್ವೇನೋ, ಪಾಪ. ಅದುಕ್ಕೇ ಬಾಡ್ಗೆಗ್ ತಂದವ್ರೆ" ಎಂದ. ನಾನು ಇಷ್ಟು ದಿನ ಬೈದ ಬೈಗುಳವೆಲ್ಲ ಸೇರಿಸಿದರೂ ಪಾಸ್ಟರಿಗೆ ಅಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಅವನು ಬೈಯಲಿಕ್ಕೆ ಹೇಳಿದ್ದೂ ಅಲ್ಲ.

ಮುಂದಿನ ಭೋಜನದ ಭಾನುವಾರ ತನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಬೇಕೆಂದು ಹಟ ಹಿಡಿದ. ಕೂರಿಸಿದೆ. ನಾನು ಮಾತ್ರ ಅವನ ಪಕ್ಕ ಕೂರದೆ ಮೆಷಿನ್ನಿನ ಮೂಲೆಗೆ ಹೋಗಿ ಕುಳಿತೆ. ಹಾಡು ಏರಿತು, ಮೆಷಿನ್ ಬುಸ್ಸೆಂದಿತು, ಅಪ್ಪ ಕೆಮ್ಮಿದ. ಪಾಸ್ಟರು ಹಾಡು ನಿಲ್ಲಿಸಿ, "ಸಿಸ್ಟರ್, ತಂದೆಯವರಿಗೆ ಗಾಳಿ ಬೇಕು, ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ" ಎಂದರು, ಬಲು ಕನಿಕರದಿಂದ. ನಾನು ಎದ್ದು ಪ್ಲಗ್ ಕಿತ್ತೆ. "ಗಾಳಿ ಒಳಗೇ ಇತ್ತು ಪಾಸ್ಟರೇ, ನೀವು ಬಂದ ಮೇಲೆ ಕೆಟ್ಟಿದ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೋಗಿ ಕಿಟಕಿಗಳನ್ನೆಲ್ಲ ತೆರೆದೆ. ಯಾರೂ ನನ್ನನ್ನು ತಡೆಯಲಿಲ್ಲ. ಬಹುಶಃ ಅವರ ಗಂಟಲೂ ಕೆರೆಯುತ್ತಿತ್ತು.

ಕಿಟಕಿಯಿಂದ ಬಿದ್ದ ಬರಿಯ ಬಿಸಿಲಿನಲ್ಲಿ, ಮೈಕೂ ಇಲ್ಲದೆ, ಪಾಸ್ಟರು ರೊಟ್ಟಿಯ ತಟ್ಟೆ ಹಿಡಿದು ಕೆಳಗಿಳಿದರು. ಬೇಗ ಮುಗಿಸಿಬಿಡುವ ಆತುರದಲ್ಲಿ ಮೊದಲು ಅಪ್ಪನ ಮುಂದೆಯೇ ಬಂದು ಚೂರು ಚಾಚಿದರು. ಅಪ್ಪನಿಗೆ ಇನ್ನೂ ಕೆಮ್ಮು ನಿಂತಿರಲಿಲ್ಲ. ಒಂದು ಕೈ ಎತ್ತಿ ತಡೆದು, ಪೂರ್ತಿ ಕೆಮ್ಮಿ, ಬಾಯಿ ಒರೆಸಿಕೊಂಡು, ಎರಡೂ ಅಂಗೈ ಸೇರಿಸಿ ಒಡ್ಡಿದ.

"ನಿದಾನುಕ್ಕೆ ಕೊಡಿ ಅಯ್ನೋರೆ" ಎಂದ. "ನಾ ಇವತ್ತು ಎಲ್ಗೂ ಎದ್ದೋಗಲ್ಲ."