ಬೆಳ್ಳಿಯ ಕಿವಿಯ ಓಲೆ

ನನಗೆ ನಾಯಿ ಕಂಡರಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುಬ್ಬಕೃಷ್ಣ ಮೇಷ್ಟ್ರು ಒಂದು ನಾಯಿಯ ಬಗ್ಗೆ ಇಷ್ಟೆಲ್ಲ ಬರೆದಿದ್ದಾರಲ್ಲ, ಎಂಥ ಮೃದು ಮನಸ್ಸು ಎಂದು ಯಾರೂ ನನ್ನನ್ನು ಹೊಗಳುವುದು ಬೇಡ. ನಾನು ಬರೆಯಲು ಕೂತಿರುವುದು ನನ್ನ ನೆರೆಯವನಾಗಿದ್ದ ಪಟ್ಟಾಭಿರಾಮನ ವಿಷಯ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವನ ಹೆಂಡತಿ ಕೌಸಲ್ಯ ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನಾನು ಸೀನುತ್ತಿದ್ದೆ. ಅವನು ಹೋಗಿ ಎಷ್ಟೋ ವರ್ಷಗಳಾದವು. ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ.

ಪಟ್ಟಾಭಿ ದನಗಳ ಇನ್ಶೂರೆನ್ಸ್ ಏಜೆಂಟ್. ಎಪ್ಪತ್ತರ ದಶಕದ ಕೊನೆಯಲ್ಲಿ ಬ್ಯಾಂಕಿನವರು ಹಸು ಕೊಳ್ಳಲು ಸಾಲ ಕೊಡುತ್ತಿದ್ದರು, ಸಾಲದ ಹಸುವಿಗೆ ಇನ್ಶೂರೆನ್ಸ್ ಇರಲೇಬೇಕಿತ್ತು. ಇನ್ಶೂರೆನ್ಸ್ ಆದ ಹಸುವಿನ ಕಿವಿಗೆ ಇಕ್ಕಳದಿಂದ ಒಂದು ಹಿತ್ತಾಳೆ ಬಿಲ್ಲೆ ಹೊಡೆಯುತ್ತಿದ್ದರು. ಅದರ ಮೇಲೊಂದು ನಂಬರು. ಹಳ್ಳಿಯವರು ಅದನ್ನು ಓಲೆ ಎನ್ನುತ್ತಿದ್ದರು. ನಿಯಮದ ಪ್ರಕಾರ ಅದನ್ನು ಹೊಡೆಯಬೇಕಾದವರು ದನದ ಡಾಕ್ಟರು. ನಿಜವಾಗಿ ಹೊಡೆಯುತ್ತಿದ್ದವನು ಪಟ್ಟಾಭಿ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಪಟ್ಟಾಭಿರಾಮ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಓಲೆ ಪಟ್ಟಾಭಿ ಎಂದರೆ ಎದ್ದು ಚಾಪೆ ಹಾಸುತ್ತಿದ್ದರು.

ಹಸು ಸತ್ತರೆ ಓಲೆ ಇರುವ ಕಿವಿಯನ್ನು ಕತ್ತರಿಸಿ ಆಫೀಸಿಗೆ ಕೊಡಬೇಕು. ಸತ್ತಿದ್ದು ಅದೇ ಹಸು ಎನ್ನುವುದಕ್ಕೆ ಕಂಪನಿಯವರು ಇನ್ನು ಯಾವ ಸಾಕ್ಷಿಯನ್ನೂ ಒಪ್ಪುತ್ತಿರಲಿಲ್ಲ. ಪಟ್ಟಾಭಿಯ ಕ್ಯಾನ್ವಾಸ್ ಚೀಲದಲ್ಲಿ ಇಕ್ಕಳ, ಟಿಂಚರ್ ಬಾಟಲು, ಒಂದು ಬ್ಲೇಡು, ಕಿವಿ ಕೆಡದಿರಲೆಂದು ಒಂದು ಡಬ್ಬಿ ಉಪ್ಪು ಯಾವಾಗಲೂ ಇರುತ್ತಿದ್ದವು. ಅದೇ ಚೀಲದಲ್ಲಿ ಕೌಸಲ್ಯ ಚಪಾತಿ ಕಟ್ಟಿಡುತ್ತಿದ್ದಳು. ಭಾನುವಾರಗಳಲ್ಲಿ ಎಳನೀರಿನ ಆಸೆಗೆ ಅವನ ಲ್ಯಾಂಬ್ರೆಟಾ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದ ನಾನು ಆ ಚಪಾತಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಒಂದು ಭಾನುವಾರ ಗುಬ್ಬಿಯ ಆಚೆ ಸಿದ್ದಗಂಗಮ್ಮ ಎಂಬಾಕೆಯ ತೋಟಕ್ಕೆ ಹೋದೆವು. ಆಕೆಯ ಗೌರಿ ಎಂಬ ಹಸು ಹೊಟ್ಟೆಯುಬ್ಬರ ಬಂದು ಹಿಂದಿನ ದಿನ ಸತ್ತಿತ್ತು. ನಾವು ಹೋಗುವ ಹೊತ್ತಿಗೆ ಆಕೆ ಅದನ್ನು ತೆಂಗಿನಮರದ ಪಕ್ಕ ಹೂಳಿಸಿ, ಮಣ್ಣಿನ ಮೇಲೆ ಅರಿಶಿನ ಕುಂಕುಮ ಹಾಕಿ ಮುಗಿಸಿದ್ದಳು.

"ಓಲೆ ಎಲ್ಲಮ್ಮ?" ಎಂದ ಪಟ್ಟಾಭಿ.

"ಅದ್ರ ಕಿವೀಲೇ ಐತೆ ಸೋಮಿ. ಕುಯ್ಯಾಕೆ ಮನ್ಸು ಬರ್ನಿಲ್ಲ. ಬುಡಿ, ಮಣ್ಣಾಗೋಯ್ತು."

"ಓಲೆ ಇಲ್ದೆ ಕ್ಲೇಮ್ ಆಗಲ್ಲ. ಬ್ಯಾಂಕಿನವರು ಬಿಡ್ತಾರಾ? ಇನ್ನೊಂದು ಹಸು ತರೋದು ಬೇಡ್ವಾ? ತೆಗೆಸಮ್ಮ, ನನ್ನ ಮಾತು ಕೇಳು."

ಆಕೆಯ ತಮ್ಮ ಕಾಳಯ್ಯ ಹಾರೆ ತಂದು ಗುಂಡಿಯನ್ನು ಮತ್ತೆ ಅಗೆದ. ಪಟ್ಟಾಭಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಗುಂಡಿಯ ಅಂಚಿನಲ್ಲಿ ನಿಂತು, ಆಮೇಲೆ ತಾನೇ ಬಗ್ಗಿ ಬ್ಲೇಡು ಆಡಿಸಿದ. ಸಿದ್ದಗಂಗಮ್ಮ ಬಾವಿಯ ಕಡೆ ಮುಖ ಮಾಡಿ ನಿಂತಿದ್ದವಳು ನಾವು ಹೊರಡುವವರೆಗೂ ತಿರುಗಲಿಲ್ಲ. ಪಟ್ಟಾಭಿಯಲ್ಲಿ ಕೆಟ್ಟತನ ಇರಲಿಲ್ಲ. ಅವಳ ಕ್ಲೇಮನ್ನು ಆಫೀಸಿನಲ್ಲಿ ಬೆನ್ನು ಹತ್ತಿ ಮಾಡಿಸಿದ, ಹೊಸ ಹಸುವಿಗೆ ತಾನೇ ಹೋಗಿ ಓಲೆ ಹೊಡೆದು ಬಂದ. ಒಬ್ಬ ಬಡವಿಗೆ ಉಪಕಾರವಾಯಿತು ಎಂದು ದಾರಿಯುದ್ದಕ್ಕೂ ಖುಷಿಯಾಗಿದ್ದ. ನಾನೂ ಹಾಗೆಯೇ ಅಂದುಕೊಂಡೆ.

ಇನ್ನು ಬೆಳ್ಳಿಯ ವಿಷಯ. ಪಟ್ಟಾಭಿ ದಂಪತಿಗೆ ಹುಟ್ಟಿದ್ದು ಒಂದೇ ಮಗು, ಅದು ವರ್ಷ ತುಂಬುವ ಮೊದಲೇ ಹೋಯಿತು. ಕಿವಿ ಚುಚ್ಚಿಸಲೆಂದು ಮಾಡಿಸಿದ್ದ ಚಿನ್ನದ ತಂತಿ ಕೌಸಲ್ಯಳ ಪೆಟ್ಟಿಗೆಯಲ್ಲಿ ಹಾಗೆಯೇ ಉಳಿಯಿತು. ಆಮೇಲೆ ಮಕ್ಕಳಾಗಲಿಲ್ಲ. ೧೯೭೯ರಲ್ಲಿ ಶಿರಾ ಗೇಟಿನ ಲಾರಿ ಸ್ಟ್ಯಾಂಡಿನಿಂದ ಪಟ್ಟಾಭಿ ಒಂದು ಹೆಣ್ಣು ಮರಿಯನ್ನು ಎತ್ತಿಕೊಂಡು ಬಂದ. ಅದರ ತಾಯಿ ಆಲ್ಸೇಷನ್ ಅಂತೆ. ಅರ್ಧ ಆಲ್ಸೇಷನ್, ಅರ್ಧ ಶಿರಾ ಗೇಟ್ ಎಂದು ನಾನು ರೇಗಿಸುತ್ತಿದ್ದೆ. ಮಡಿ, ಮೈಲಿಗೆ ಎಂದು ನನ್ನ ಹೆಂಡತಿಗಿಂತ ಹೆಚ್ಚು ಒದ್ದಾಡುತ್ತಿದ್ದ ಕೌಸಲ್ಯ ಮೂರೇ ದಿನದಲ್ಲಿ ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟು ಅಡುಗೆಮನೆಯ ಹೊಸಿಲ ತನಕ ಬಿಟ್ಟುಕೊಂಡಳು. ಅದು ಮುಟ್ಟಿದರೆ ಇನ್ನೊಂದು ಸ್ನಾನ, ಅಷ್ಟೆ. ಕೆಲವು ದಿನ ನಾಲ್ಕು ಸ್ನಾನ ಮಾಡಿದ್ದೂ ಉಂಟು.

ಮರುವರ್ಷ ಕಂಪನಿಯವರು ಸಾಕುನಾಯಿಗಳಿಗೂ ಪಾಲಿಸಿ ತೆರೆದರು. ಊರಿನಲ್ಲಿ ಯಾರೂ ಕೊಳ್ಳಲಿಲ್ಲ, ಕೇಳಿದವರು ನಕ್ಕರು. ಮೊದಲ ಪಾಲಿಸಿ ನಮ್ಮ ಮನೆಯದೇ ಇರಲಿ ಎಂದು ಪಟ್ಟಾಭಿ ಬೆಳ್ಳಿಯ ಹೆಸರಿಗೆ ಮಾಡಿಸಿದ. ನಾಯಿಗೆ ಓಲೆಯ ಅಗತ್ಯವಿರಲಿಲ್ಲ, ಒಂದು ಫೋಟೋ ಸಾಕಿತ್ತು. ಹಾಗೆಂದು ನಾನೂ ಹೇಳಿದೆ.

"ಫೋಟೋ ಯಾವ ನಾಯೀದಾದ್ರೂ ತೆಗೀಬಹುದು ಕಣೋ," ಎಂದ. "ಕಿವೀಲಿ ಓಲೆ ಇದ್ರೆ ಇದು ಅದಲ್ಲ ಅಂತ ಯಾವನೂ ಅನ್ನೋ ಹಾಗಿಲ್ಲ. ಇಷ್ಟು ವರ್ಷ ನೋಡಿಲ್ವಾ ನಾನು?"

ಓಲೆ ಹಾಕುವ ದಿನ ಕೌಸಲ್ಯ ನನ್ನ ಹೆಂಡತಿಯನ್ನು ಕರೆದಳು. "ನಮ್ಮ ಹುಡುಗಿಗೆ ಕಿವಿ ಚುಚ್ತೀವಿ, ಬನ್ನಿ ಅಲಮೇಲು," ಎಂದು ನಗುತ್ತಲೇ ಕರೆದಳು. ಮಣೆ ಹಾಕಿ, ರಂಗೋಲಿ ಎಳೆದು, ನಾಯಿಯ ಹಣೆಗೆ ಕುಂಕುಮ ಇಟ್ಟಳು. ತಟ್ಟೆಯಲ್ಲಿ ಕೊಬ್ಬರಿ ಬೆಲ್ಲ. ಪಟ್ಟಾಭಿ ಇಕ್ಕಳ ಒತ್ತಿದಾಗ ಬೆಳ್ಳಿ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ಕೌಸಲ್ಯ ಅದರ ಬಾಯಿಗೆ ಬೆಲ್ಲ ಹಾಕಿ, ಆಯ್ತು, ಆಯ್ತು ಎಂದು ತಲೆ ಸವರಿದಳು. ಅವಳ ಕಣ್ಣು ತುಂಬಿತ್ತು. ಯಾಕೆಂದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು, ಕೊಬ್ಬರಿ ಬೆಲ್ಲ ತಿಂದು ಸುಮ್ಮನೆ ಮನೆಗೆ ಬಂದೆವು.

ದನದ ಕಿವಿಯೇ ಬೇರೆ, ನಾಯಿಯ ಕಿವಿಯೇ ಬೇರೆ. ಬೆಳ್ಳಿ ಇಡೀ ದಿನ ತಲೆ ಒದರುತ್ತಿತ್ತು, ಹಿಂಗಾಲಿನಿಂದ ಕೆರೆಯುತ್ತಿತ್ತು. ಕೀವಾಯಿತು. ತೆಗೆದುಹಾಕೋ ಎಂದೆ. ತೆಗೆದರೆ ಪಾಲಿಸಿಗೆ ತೊಂದರೆಯಾಗತ್ತೆ, ಟಿಂಚರ್ ಹಚ್ಚಿದರೆ ಒಣಗತ್ತೆ ಎಂದ. ಮೇಲಿನ ಗಾಯ ಒಣಗಿತು ಕೂಡ. ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಬೆಳ್ಳಿ ಹಿತ್ತಲಿನಲ್ಲಿ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ತಂದುಕೊಂಡಿತು. ಮೂರ್ಛೆರೋಗದವರಿಗೆ ಮಾಡುವಂತೆ ಕೌಸಲ್ಯ ಅದರ ಮುಂಗಾಲಿಗೆ ಬೀಗದ ಕೈ ಗೊಂಚಲು ಒತ್ತಿ ಹಿಡಿದು ನನ್ನನ್ನು ಕೂಗಿದಳು.

ಕುಣಿಗಲ್ಲಿನಲ್ಲಿ ಅನಂತರಾಮಯ್ಯ ಎಂಬ ನಿವೃತ್ತ ಪಶುವೈದ್ಯರಿದ್ದರು. ಕೌಸಲ್ಯ ಬೆಳ್ಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಡನ ಸ್ಕೂಟರಿನಲ್ಲಿ ಹೋದಳು. ನಾನು, ನಾಯಿ ಕಂಡರಾಗದವನು, ಬಸ್ಸಿನಲ್ಲಿ ಹೋದೆ.

ಡಾಕ್ಟರು ಕಿವಿಯೊಳಗೆ ಟಾರ್ಚು ಬಿಟ್ಟು ತುಂಬಾ ಹೊತ್ತು ನೋಡಿದರು. "ಕೀವು ಒಳಕ್ಕಿಳಿದು ಮಿದುಳಿಗೆ ತಾಗಿದೆ. ಯಾರ್ರೀ ನಾಯಿಗೆ ಇದನ್ನ ಹೊಡ್ದಿದ್ದು?"

ಪಟ್ಟಾಭಿ ನಾಯಿಯ ಬೆನ್ನು ಸವರತೊಡಗಿದ. ಕೌಸಲ್ಯಳೇ, "ಆಗಿದ್ದು ಆಗೋಯ್ತು ಡಾಕ್ಟ್ರೇ, ಔಷಧಿ ಬರ್ಕೊಡಿ," ಎಂದಳು.

"ಇನ್ನು ಓಲೆ ತೆಗೆದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಈ ಮಾತ್ರೆ ಎರಡು ಹೊತ್ತು ಕೊಡಿ. ಇದು ಬದುಕಿರೋವರೆಗೂ ಕೊಡ್ಬೇಕು. ನಿಲ್ಲಿಸಿದ್ರೆ ಉಳಿಯಲ್ಲ."

ಅಲ್ಲಿಂದ ಕೌಸಲ್ಯಳ ದಿನ ಆ ಮಾತ್ರೆಗಳ ಸುತ್ತಲೇ ಸುತ್ತತೊಡಗಿತು. ಮಾತ್ರೆಯನ್ನು ಕೊಬ್ಬರಿ ಬೆಲ್ಲದ ಉಂಡೆಯಲ್ಲಿ ಹುದುಗಿಸಿ ಕೊಡುತ್ತಿದ್ದಳು. ತವರಿಗೆ ಹೋಗುವುದನ್ನೂ ಬಿಟ್ಟಳು. ಗಂಡನನ್ನು ಒಂದು ದಿನವೂ, ನಿನ್ನಿಂದ ಹೀಗಾಯಿತು ಎನ್ನಲಿಲ್ಲ. ಅಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಪಟ್ಟಾಭಿ ಶಿರಾ ಗೇಟಿನ ಔಷಧಿ ಅಂಗಡಿಯ ರಸೀದಿಗಳನ್ನೆಲ್ಲ ಹಿಡಿದುಕೊಂಡು ಆಫೀಸಿಗೆ ಕ್ಲೇಮ್ ಹಾಕಿದ. ಅಲ್ಲಿನ ಅಧಿಕಾರಿ ಒಳ್ಳೆಯ ಮಾತಿನಲ್ಲೇ, "ಇದು ಸತ್ತರೆ ಕೊಡೋ ಪಾಲಿಸಿ ಪಟ್ಟಾಭಿರಾಮ್. ಔಷಧಿಗೆ ಬರಲ್ಲ. ಹಳ್ಳಿಯೋರಿಗೆಲ್ಲ ನೀವೇ ತಾನೆ ಹೇಳಿರೋದು?" ಎಂದರಂತೆ. ನಿಜ, ಎಷ್ಟೋ ಜಗಲಿಗಳ ಮೇಲೆ ಕೂತು ಅದೇ ಮಾತನ್ನು ಅವನು ಹೇಳಿದ್ದನ್ನು ನಾನೇ ಕೇಳಿದ್ದೆ. ಆದರೂ ಅವನು ಬಿಡಲಿಲ್ಲ. ಮತ್ತೆ ಬರೆದ, ಬೆಂಗಳೂರಿನ ಆಫೀಸಿಗೂ ಬರೆದ. ನನಗೆ ತಲೆ ಕೆಟ್ಟು, "ಅವರು ಕೊಡಲ್ಲ ಅಂದ್ಮೇಲೆ ಯಾಕೋ ಹಟ? ಮಾತ್ರೆಗೆ ಸಾಲದಿದ್ರೆ ನಾನು ಕೊಡ್ತೀನಿ," ಎಂದು ಗದರಿದೆ.

"ದುಡ್ಡಲ್ಲ ಕಣೋ," ಎಂದ. "ಕಂಪನಿಯೋರು ಇದು ಖಾಯಿಲೆ ಅಂತ ಒಪ್ಕೊಂಡುಬಿಟ್ರೆ ಸಾಕು. ಖಾಯಿಲೆ ಯಾರಿಗೆ ಬರಲ್ಲ ಹೇಳು? ಆ ಕಾಗದಾನ ಕೌಸಲ್ಯಂಗೆ ತೋರಿಸ್ಬಿಡ್ತೀನಿ."

ಅವನ ಮುಖ ನೋಡಲಾಗಲಿಲ್ಲ. ಕಂಪನಿ ಒಪ್ಪಿದರೆ ಅದು ಖಾಯಿಲೆ, ಒಪ್ಪದಿದ್ದರೆ ಅವನ ಇಕ್ಕಳ. ಅಷ್ಟು ಓದಿದವನು ಹೀಗೊಂದು ಲೆಕ್ಕ ಹಾಕಿಕೊಂಡು ಓಡಾಡುತ್ತಿದ್ದ. ನನಗೆ ಸಿಟ್ಟು ಬಂತು, ಅಯ್ಯೋ ಎನ್ನಿಸಿತು. ಕಾಗದ ಕೊನೆಗೂ ಬರಲಿಲ್ಲ.

ಬಂದವನು ವೆಂಕಟರಂಗಯ್ಯ, ಪಟ್ಟಾಭಿಯ ಜೊತೆಯ ಇನ್ನೊಬ್ಬ ಏಜೆಂಟ್. ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಾ, "ಹೇಗಿದ್ರೂ ಅದು ಉಳಿಯಲ್ಲ. ಸುಮ್ನೆ ಮಾತ್ರೆ ನಿಲ್ಲಿಸಿಬಿಡು ಪಟ್ಟಾಭಿ. ವಾರದೊಳಗೆ ಮುಗಿಯತ್ತೆ. ಪೂರ್ತಿ ಕ್ಲೇಮ್ ಮಾಡಿಸೋ ಜವಾಬ್ದಾರಿ ನಂದು," ಎಂದ. ಪಟ್ಟಾಭಿ ಅವನ ಕೈಯಿಂದ ಲೋಟ ಕಿತ್ತುಕೊಂಡು, "ಏಳೋ ಮೇಲೆ. ನಡಿಯೋ ಆಚೆ," ಎಂದು ಕೂಗಿದ್ದು ಗೋಡೆಯಾಚೆ ನನಗೆ ಕೇಳಿಸಿತು. ಅವನ ಬಾಯಲ್ಲಿ ಅಂಥ ಕೂಗನ್ನು ನಾನು ಕೇಳಿರಲಿಲ್ಲ.

ಅಡುಗೆಮನೆಯಲ್ಲಿದ್ದ ಕೌಸಲ್ಯಳಿಗೂ ಎಲ್ಲ ಕೇಳಿಸಿತ್ತು. ಮಾತ್ರೆಯ ಬಾಟಲು ಅಲ್ಲಿಯವರೆಗೆ ಪಡಸಾಲೆಯ ಗೂಡಿನಲ್ಲಿರುತ್ತಿತ್ತು, ಕೆಲವು ಸಂಜೆ ಅವನೇ ಕೊಡುತ್ತಿದ್ದ. ಆ ದಿನದಿಂದ ಅದು ದೇವರ ಮನೆಯ ಪೆಟ್ಟಿಗೆಗೆ ಹೋಯಿತು. ಬೀಗದ ಕೈ ಅವಳ ಸೆರಗಿನ ಗಂಟಿಗೆ ಹೋಯಿತು. ಅವನು ಒಂದು ದಿನ ಕೇಳಿದನಂತೆ, ನಾನು ಅಂಥವನಾ ಕೌಸಲ್ಯ ಎಂದು. "ಅಲ್ಲ ರೀ. ಆದ್ರೂ ನಾನೇ ಕೊಡ್ತೀನಿ," ಎಂದಳಂತೆ. ಇದನ್ನು ನನಗೆ ಹೇಳುವಾಗ ಅವನು ಸ್ಕೂಟರಿನ ಕನ್ನಡಿ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

೧೯೮೩ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬೆಳ್ಳಿ ಬೆಲ್ಲದ ಉಂಡೆ ನುಂಗಲಿಲ್ಲ. ಕೌಸಲ್ಯ ಮಾತ್ರೆ ಕರಗಿಸಿ ಹಾಲಿನಲ್ಲಿ ಕೊಟ್ಟಳು, ಅದೂ ಹೊರಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಅವಳ ಮಡಿಲಲ್ಲೇ ಹೋಯಿತು. ಅವಳು ಎದ್ದು ಸ್ನಾನಕ್ಕೆ ಹೋಗಲಿಲ್ಲ.

ಪಟ್ಟಾಭಿ ಹಿತ್ತಲಿನ ಸೀಬೆಗಿಡದ ಕೆಳಗೆ ತಾನೇ ಗುಂಡಿ ತೋಡಿದ. ಕ್ಯಾನ್ವಾಸ್ ಚೀಲ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕೌಸಲ್ಯ ಅದನ್ನೊಮ್ಮೆ ನೋಡಿ, ಗಂಡನನ್ನು ನೋಡಿ, "ಓಲೆ?" ಎಂದಳು.

"ಕಿವೀಲೇ ಇರ್ಲಿ," ಎಂದ.

ಅವಳು ತನ್ನ ಹಳೆಯ ಸೀರೆಯೊಂದನ್ನು ತಂದುಕೊಟ್ಟಳು. ಅವನು ಅದರಲ್ಲಿ ಬೆಳ್ಳಿಯನ್ನು ಸುತ್ತಿ, ಕಿವಿ ಮಡಿಚಿಕೊಳ್ಳದಂತೆ ಸರಿಮಾಡಿ ಇಳಿಸಿದ. ನಾನೂ ಎರಡು ಹಿಡಿ ಮಣ್ಣು ಹಾಕಿದೆ. ಕ್ಲೇಮಿನ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಮಾರನೆಯ ದಿನ ಕೌಸಲ್ಯ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಗೂಡಿನಲ್ಲಿಟ್ಟಳು.

ಕೆಲವು ವಾರಗಳಾದ ಮೇಲೆ ಸಿದ್ದಗಂಗಮ್ಮನ ಮನೆಯ ಕಡಸಿಗೆ ಓಲೆ ಹೊಡೆಯಬೇಕೆಂದು ಕಾಳಯ್ಯ ಹೇಳಿಕಳಿಸಿದ. ಒಬ್ಬನೇ ಹೋಗಲು ಮನಸ್ಸಿಲ್ಲ, ಬಾರೋ ಎಂದ ಪಟ್ಟಾಭಿ. ಹೋದೆವು. ಸಿದ್ದಗಂಗಮ್ಮ ಕಡಸಿನ ಕತ್ತು ತಬ್ಬಿ ಹಿಡಿದು ಕಿವಿಯನ್ನು ಇವನ ಕಡೆ ಮಾಡಿಕೊಟ್ಟಳು. ಇವನು ಇಕ್ಕಳ ತೆಗೆದ, ಓಲೆ ಸಿಕ್ಕಿಸಿದ, ಕಿವಿ ಮುಟ್ಟಿದ. ಇಕ್ಕಳ ನೆಲಕ್ಕೆ ಬಿತ್ತು.

"ಯಾಕ್ ಸೋಮಿ, ಮೈ ಸರಿ ಇಲ್ವಾ?"

ಅವನು ಜಗಲಿಯ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದ. ಓಲೆ, ಕೀವು, ಮಾತ್ರೆ, ಪೆಟ್ಟಿಗೆಯ ಬೀಗ, ಸೀಬೆಗಿಡ. ನನಗೂ ಹೇಳದಿದ್ದ ಕೆಲವು ಮಾತುಗಳನ್ನೂ ಆ ಹೆಂಗಸಿಗೆ ಹೇಳಿದ. ಆಕೆ ಕಡಸಿನ ಕತ್ತು ಬಿಡದೆ ಕೇಳಿಸಿಕೊಂಡಳು. ಕಿವಿ ತೆಗೆಯಲು ಕೈ ಬರಲಿಲ್ಲ ಕಣಮ್ಮ, ಹಾಗೇ ಮಲಗಿಸಿಬಿಟ್ಟೆ ಎಂದು ಅವನು ನಿಲ್ಲಿಸಿದಾಗ ಆಕೆ ತೆಂಗಿನಮರದ ಕಡೆ ನೋಡಿದಳು.

"ನನ್ ಗೌರೀನೂ ನಾನು ಹಂಗೇ ಮಲಗ್ಸಿದ್ದೆ ಕಣಪ್ಪ," ಎಂದಳು. "ನೀನು ಎಬ್ಬಿಸ್ದೆ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾವಿಬ್ಬರೂ ತಡೆದುಕೊಳ್ಳುತ್ತಿದ್ದೆವು. ಬೆಳ್ಳಿ ಹೋದ ದಿನ ಒಂದು ಹನಿ ಕಣ್ಣೀರು ಹಾಕದಿದ್ದ ಪಟ್ಟಾಭಿ ಆ ಜಗಲಿಯ ಮೇಲೆ ಮುಖ ಮುಚ್ಚಿಕೊಂಡು ಅತ್ತ. ಸಿದ್ದಗಂಗಮ್ಮ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಅವನ ಪಕ್ಕದಲ್ಲಿಟ್ಟಳು. ಆಮೇಲೆ ಬಿದ್ದಿದ್ದ ಇಕ್ಕಳ ಎತ್ತಿ, ಸೆರಗಿನಿಂದ ಮಣ್ಣು ಒರೆಸಿ, ಅವನ ಚೀಲದೊಳಗಿಟ್ಟು, ಕಡಸನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದಳು.