ಒಡಿಲಳ ಎಡಗಾಲಿನ ತಾಳ

ಒಡಿಲ್ ಲೆಪಿನ್ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಊರ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಅರವತ್ತು ದಾಟಿದ್ದರೂ ಅವಳ ಕತ್ತರಿಗೆ ಪುರುಸೊತ್ತೆಂಬುದೇ ಇರಲಿಲ್ಲ. "ಒಡಿಲ್ ಹತ್ರ ಕೂತಾಗ ಸೀನಬೇಡ್ರೇ, ಕಿವಿ ಹೋದೀತು" ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಆದರೆ ಅವಳ ಹೆಸರು ಸುತ್ತಲ ಊರುಗಳಿಗೆ ಹಬ್ಬಿದ್ದು ಕೈಯಿಂದಲ್ಲ, ಕಾಲಿನಿಂದ. ಕ್ವಿಬೆಕ್‌ನ ಆ ಬೆಟ್ಟಸೀಮೆಯಲ್ಲಿ ಪಿಟೀಲಿಗೆ ಮೃದಂಗವೆಂದರೆ ಕಾಲೇ. ಗಟ್ಟಿ ಅಟ್ಟೆಯ ಬೂಟು ಹಾಕಿ, ಕುರ್ಚಿಯ ತುದಿಯಲ್ಲಿ ಕೂತು, ಹಲಗೆಯ ಮೇಲೆ ಹಿಮ್ಮಡಿ, ಮುಂಗಾಲು, ಮತ್ತೆ ಹಿಮ್ಮಡಿ ಎಂದು ಬಡಿಯುತ್ತ ಹೋಗಬೇಕು. ಅವಳ ಅಣ್ಣ ಎರ್ವೆ ಪಿಟೀಲು ನುಡಿಸಿದರೆ ಒಡಿಲಳ ಎರಡು ಕಾಲು ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವು. ಅಣ್ಣ ತಂಗಿ ಜೊತೆಗೆ ಕೂತರೆಂದರೆ ಕುಣಿಯುವವರ ಮೈಯೆಲ್ಲ ಬೆವರು.

ಅಕ್ಟೋಬರ್‌ನಲ್ಲಿ ಒಂದು ದಿನ ಒಡಿಲ್ ಮತ್ತು ಗಂಡ ಆಲ್ಡೇಜ್ ಚಳಿಗಾಲಕ್ಕೆ ಸೌದೆ ಪೇರಿಸುತ್ತಿದ್ದರು. ಖಾಲಿ ಬುಟ್ಟಿ ಹಿಡಿದು ಹೊರಟ ಒಡಿಲ್ ಜಗಲಿಯ ಕೊನೆಯ ಮೆಟ್ಟಿಲುಗಳನ್ನು ಇಳಿಯದೆ ಎಂದಿನಂತೆ ಹಾರಿದಳು. ಫಟ್ ಎಂದು ಸದ್ದಾಯಿತು. ಎಡಗಾಲಿನ ಹಿಂದೆ ಯಾರೋ ಕೊರಡಿನಿಂದ ಹೊಡೆದಂತಾಗಿ ಅವಳು ನೆಲಕ್ಕೆ ಕುಸಿದಳು.

"ಏ ಮುದುಕ, ಕಣ್ಣು ಕಾಣಲ್ವಾ? ಸೌದೆ ಎಸೀತೀಯಲ್ಲ ನನ್ನ ಮೇಲೆ!"

ಆಲ್ಡೇಜ್ ಅಂಗಳದ ಆ ತುದಿಯಲ್ಲಿದ್ದ. ಅವನ ಕೈಯಲ್ಲಿ ಏನೂ ಇರಲಿಲ್ಲ.

ಹಿಮ್ಮಡಿಯಿಂದ ಮೀನಖಂಡಕ್ಕೆ ಏರುವ ದಪ್ಪ ನರ ಹರಿದಿತ್ತು. ಆಪರೇಷನ್ ಬೇಡ, ತಾನಾಗಿ ಕೂಡಿಕೊಳ್ಳುತ್ತದೆ ಎಂದ ಡಾಕ್ಟರು ಮೊಣಕಾಲಿನವರೆಗೆ ಬರುವ ಒಂದು ದೊಡ್ಡ ಬೂಟು ತೊಡಿಸಿ, ಅದರೊಳಗೆ ಹಿಮ್ಮಡಿ ಎತ್ತರದಲ್ಲಿರಲೆಂದು ಮೆತ್ತೆಗಳನ್ನಿಟ್ಟರು. ಉಳಿದದ್ದನ್ನು ನೋಡಿಕೊಂಡವಳು ಪಕ್ಕದ ಪಟ್ಟಣದ ಫಿಸಿಯೋ ನೊಯೆಮಿ. ಆಗೊಂದು ಈಗೊಂದು ಮೆತ್ತೆ ತೆಗೆಯುತ್ತಿದ್ದಳು, ಅಷ್ಟೇ. ಒಡಿಲ್ ಪ್ರತಿ ಸಲವೂ ಕೇಳುವಳು, "ಇನ್ನೊಂದೂ ತೆಗೆದುಬಿಡಮ್ಮ, ಹೇಗಿದ್ರೂ ಬಂದಿದೀನಲ್ಲ."

"ಮದಾಂ ಲೆಪಿನ್, ನೀವು ಜ್ಯಾಮ್ ಮಾಡ್ತೀರಾ?"

"ಮಾಡದೆ ಏನು!"

"ಗಟ್ಟಿ ಆಯ್ತಾ ಅಂತ ಗಳಿಗೆಗೊಂದು ಸಲ ಬಾಟಲಿ ಅಲ್ಲಾಡಿಸ್ತೀರಾ?"

ಒಡಿಲ್ ಮುಖ ತಿರುಗಿಸಿದಳು. ಚಕ್ರದ ಸ್ಟೂಲಿನ ಮೇಲೆ ಕೂತು ಕೂದಲು ಕತ್ತರಿಸುವುದನ್ನು ಕಲಿತಳು. ಆದರೆ ಕುಂಟಿಯೆಂದು ಯಾರಾದರೂ ಕನಿಕರಪಟ್ಟರೆ ಅವರ ಮುಂಗೂದಲು ಒಂದು ಬೆರಳು ಹೆಚ್ಚಾಗಿಯೇ ಹೋಗುತ್ತಿತ್ತು.

ಹೊಸ ವರ್ಷದ ಹೊತ್ತಿಗೆ ಬೂಟು ಕಳಚಿತ್ತು. ನಡೆಯಬಹುದು, ಬಡಿಯಬಾರದು ಎಂದು ನೊಯೆಮಿ ಬಿಡಿಸಿ ಹೇಳಿದ್ದಳು. ಹೊಸ ವರ್ಷದ ದಿನ ಮಧ್ಯಾಹ್ನ ಎರ್ವೆಯ ಮನೆಯಲ್ಲಿ ಊಟ. ಮೇಜಿನ ಮೇಲೆ ಹಂದಿಮಾಂಸದ ಪೈ, ಒಲೆಯ ಮೇಲೆ ಬಟಾಣಿ ಸೂಪು, ಬಾಗಿಲ ಬಳಿ ಹಿಮ ಕರಗುತ್ತಿದ್ದ ಬೂಟುಗಳ ರಾಶಿ. ಊಟವಾದ ಮೇಲೆ ಎರ್ವೆ ಪಿಟೀಲು ತೆಗೆದ. ಒಡಿಲಳ ಕುರ್ಚಿಯಲ್ಲಿ ಅವನ ನೆರೆಮನೆಯ ಸಿಲ್ವೆಟ್ ಕೂತಳು. ಅವಳು ತಪ್ಪೇನೂ ಮಾಡಲಿಲ್ಲ. ಗಡಿಯಾರದ ಹಾಗೆ ಬಡಿದಳು. ಕುಣಿಯುವವರೂ ಗಡಿಯಾರದ ಹಾಗೆಯೇ ಕುಣಿದರು.

ಎರ್ವೆ ಕಮಾನು ಆಡಿಸುತ್ತಲೇ ತಲೆಯೆತ್ತಿ ತಂಗಿಯನ್ನು ನೋಡಿದ.

"ಒಂದೇ ಒಂದು" ಎಂದು ಒಡಿಲ್ ಎದ್ದಳು.

"ಒಡಿಲ್!" ಎಂದ ಆಲ್ಡೇಜ್.

"ಬಲಗಾಲಲ್ಲೇ ಬಡೀತೀನಿ, ಸುಮ್ನಿರು."

ಮೊದಲ ಸುತ್ತು ಬಲಗಾಲೇ ಬಡಿಯಿತು. ಎರಡನೆಯ ಸುತ್ತಿನಲ್ಲಿ ಎಡಗಾಲು ತಾನಾಗಿ ಸೇರಿತು. ನೋವಿರಲಿಲ್ಲ. ಎಷ್ಟೋ ವಾರಗಳಿಂದ ಕಟ್ಟಿದ್ದ ಉಸಿರು ಒಮ್ಮೆಲೇ ಬಿಟ್ಟಂತಾಗಿ ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಒಂದು ಹೋಗಿ ನಾಲ್ಕಾಯಿತು. ಇಡೀ ಮನೆ ಅದುರಿತು.

ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲಿಳಿಸಿದರೆ ಪಾದ ಅವಳದಾಗಿರಲಿಲ್ಲ. ಹಿಮ್ಮಡಿಯ ಮೇಲೆ ಬ್ರೆಡ್ಡಿನ ಹಿಟ್ಟು ಉಬ್ಬಿದಂತೆ ಬಾವು ಬಂದಿತ್ತು. ನೊಯೆಮಿ ಬಹಳ ಹೊತ್ತು ಒತ್ತಿ ನೋಡಿದಳು, ಡಾಕ್ಟರಿಗೆ ತೋರಿಸಿದಳು. ಕೂಡಿಕೊಂಡಿದ್ದರಲ್ಲಿ ಒಂದಿಷ್ಟು ಮತ್ತೆ ಬಿಟ್ಟುಕೊಂಡಿತ್ತು.

"ಬಯ್ದುಬಿಡು" ಎಂದಳು ಒಡಿಲ್.

"ಬೈದ್ರೆ ಬೇಗ ವಾಸಿ ಆಗೋ ಹಾಗಿದ್ರೆ ಬೈತಿದ್ದೆ" ಎಂದು ನೊಯೆಮಿ ಮತ್ತೆ ದೊಡ್ಡ ಬೂಟನ್ನು ಮುಂದಿಟ್ಟಳು.

ಬೈದವನು ಆಲ್ಡೇಜ್. ಮಾತೇ ಕಡಿಮೆಯಿದ್ದ ಮನುಷ್ಯ ಗಾಡಿ ಓಡಿಸುತ್ತ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, "ನಿಂಗೆ ಕಾಲು ನಿನ್ನದೊಬ್ಬಳದೇ ಅನ್ಸುತ್ತೆ. ಅದನ್ನ ಹೊತ್ತು ಮೆಟ್ಟಿಲು ಹತ್ತಿಸೋನು ನಾನು. ರಾತ್ರಿ ನೀನು ನರಳಿದ್ರೆ ಎಚ್ಚರ ಇರೋನೂ ನಾನೇ."

ಫೆಬ್ರವರಿ ಅವಳ ಪಾಲಿಗೆ ಕೆಟ್ಟ ತಿಂಗಳು. ಕಿಟಕಿಯ ಅರ್ಧಕ್ಕೆ ಹಿಮ. ಗಿರಾಕಿಗಳು ಹೋದ ಮೇಲೆ ಸ್ಟೂಲಿನ ಮೇಲೆ ಕೂತೇ ಇರುತ್ತಿದ್ದಳು, ನೆಲದ ಮೇಲಿನ ಕೂದಲನ್ನೂ ಗುಡಿಸದೆ. ಎರ್ವೆ ಆ ಕಡೆ ತಲೆ ಹಾಕಲಿಲ್ಲ. ಫೋನೂ ಇಲ್ಲ. ಮೊದಮೊದಲು ಅವಳಿಗೆ ಸಿಟ್ಟು ಬಂತು. ಆಮೇಲೆ, ತಾನೂ ಫೋನ್ ಮಾಡಿಲ್ಲವಲ್ಲ ಎಂಬುದು ನೆನಪಾಯಿತು.

ಬೂಟು ಎರಡನೆಯ ಸಲ ಕಳಚಿದಾಗ ನೊಯೆಮಿ ಕೊಟ್ಟದ್ದು ಒಂದೇ ಕೆಲಸ. ಕುರ್ಚಿಯಲ್ಲಿ ಕೂತು ಎರಡೂ ಹಿಮ್ಮಡಿಗಳನ್ನು ಮೆಲ್ಲಗೆ ಎತ್ತುವುದು, ಅದಕ್ಕಿಂತ ಮೆಲ್ಲಗೆ ಇಳಿಸುವುದು. "ಎತ್ತೋದು ಯಾರಿಗಾದ್ರೂ ಬರುತ್ತೆ ಮದಾಂ. ಇಳಿಸೋವಾಗ ನರ ಕೆಲಸ ಮಾಡೋದು. ಧೊಪ್ಪಂತ ಬಿಡಬೇಡಿ."

ಒಡಿಲಳಿಗೆ ಧೊಪ್ಪೆಂದು ಬಿಡುವುದಷ್ಟೇ ಗೊತ್ತಿತ್ತು.

ಮಾರ್ಚ್ ಕೊನೆಯಲ್ಲಿ, ಮೇಪಲ್ ಮರಗಳಿಂದ ರಸ ಇಳಿಯುವ ಕಾಲಕ್ಕೆ, ಭಾನುವಾರ ಚರ್ಚು ಮುಗಿಸಿ ಎರ್ವೆ ಬಂದ. ಬಗಲಲ್ಲಿ ಪಿಟೀಲಿನ ಪೆಟ್ಟಿಗೆ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಬಾಗಿಲಲ್ಲೇ ನಿಂತ.

"ಆವತ್ತು ನಾನು ನಿನ್ನ ಕಡೆ ನೋಡಬಾರದಿತ್ತು."

"ನೋಡಿದ್ರೆ ಯಾರ ನರವೂ ಹರಿಯಲ್ಲ ಬಿಡು. ಎದ್ದು ಬಂದು ಕೂತವಳು ನಾನು. ಬಾಗಿಲು ಹಾಕು, ಚಳಿ ಬರ್ತಿದೆ."

ಅವಳು ಹಿಮ್ಮಡಿ ಎತ್ತಿ ಇಳಿಸುತ್ತಲೇ ಇದ್ದಳು. ಎರ್ವೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪಿಟೀಲು ಹೊರತೆಗೆದು, ಅವಳ ಹಿಮ್ಮಡಿ ನೆಲ ಮುಟ್ಟುವ ಗಳಿಗೆಗೆ ಸರಿಯಾಗಿ ಒಂದು ಹಳೆಯ ಕುಣಿತದ ಪದ ಹಿಡಿದ. ನಾಲ್ಕು ಸ್ವರ ದಾಟುವಷ್ಟರಲ್ಲಿ ಕಮಾನು ನಡುಗಿತು. ವೇಗದಲ್ಲಿ ನುಡಿಸುವಾಗ ಕಾಣದ ಹುಳುಕೆಲ್ಲ ನಿಧಾನದಲ್ಲಿ ಬಯಲಿಗೆ ಬಂತು. ಮತ್ತೆ ಹಿಡಿದ, ಅಭ್ಯಾಸಬಲದಿಂದ ಓಡಿದ. ಒಡಿಲ್ ಕಾಲು ನಿಲ್ಲಿಸಿದಳು.

"ಎಲ್ಲಿಗೆ ಹೊರಟೆ? ನಾನಿನ್ನೂ ಇಲ್ಲೇ ಇದೀನಿ."

"ಥೂ, ಇದೇನೇ! ಸತ್ತವರ ಮನೆ ಹಾಡಿನ ಹಾಗಿದೆ."

"ಬರಲ್ಲ ಅಂತ ಒಪ್ಕೋ."

"ಬರಲ್ಲ" ಎಂದ ಎರ್ವೆ, ಆಶ್ಚರ್ಯದಿಂದ. ಎಪ್ಪತ್ತರ ಹತ್ತಿರದ ಮನುಷ್ಯ, ತನಗೆ ಬಾರದ್ದೊಂದಿದೆ ಎಂದು ಬಹುಶಃ ಮೊದಲ ಸಲ ಬಾಯಿಬಿಟ್ಟು ಹೇಳಿದ್ದ. ಇಬ್ಬರೂ ನಗಲು ಶುರುಮಾಡಿದರು. ಆಲ್ಡೇಜ್ ಏನಾಯಿತೆಂದು ಅಡುಗೆಮನೆಯಿಂದ ಇಣುಕಿದ.

ಆಮೇಲೆ ಎರ್ವೆ ಭಾನುವಾರ ತಪ್ಪಿಸಲಿಲ್ಲ. ಕೂತು ಎತ್ತುವುದು ಮುಗಿದು ನಿಂತು ಎತ್ತುವುದು ಬಂತು. ಪದದ ನಡೆಯೂ ಒಂದಿಷ್ಟು ಚುರುಕಾಯಿತು. ಕೆಲವು ವಾರ ಕಾಲು ಕಲ್ಲಿನಂತೆ ಬಿಗಿಯುತ್ತಿತ್ತು. ಆಗ ಒಂದು ಹೆಜ್ಜೆ ಹಿಂದೆ. ಹಿಂದೆ ಹೋದದ್ದಕ್ಕೆ ಒಡಿಲ್ ಅಳುವುದನ್ನು ಯಾವಾಗ ಬಿಟ್ಟಳೋ ಅವಳಿಗೇ ತಿಳಿಯಲಿಲ್ಲ. ಬೆಳಿಗ್ಗೆ ಕಾಲಿನ ಬಿಗಿತ ನೋಡಿ ಆ ದಿನ ಎಷ್ಟು ಗಿರಾಕಿಗಳೆಂದು ತೀರ್ಮಾನಿಸುತ್ತಿದ್ದಳು. "ಇವತ್ತಾಗಲ್ಲ, ಗುರುವಾರ ಬಾ" ಎಂಬ ಮಾತು ಅವಳ ಬಾಯಲ್ಲಿ ಕೇಳಿ ಊರ ಹೆಂಗಸರು ಬೆರಗಾದರು.

ಮರುವರ್ಷ ಜೂನ್‌ನ ಸೇಂಟ್ ಜಾನ್ ಹಬ್ಬದ ಸಂಜೆ, ಇನ್ನೂ ಬೆಳಕಿರುವಾಗಲೇ, ಊರ ಸಭಾಂಗಣದಲ್ಲಿ ಅಣ್ಣ ತಂಗಿ ಜೊತೆಯಾಗಿ ಕೂತರು. ನೊಯೆಮಿ ಒಪ್ಪಿಗೆ ಕೊಟ್ಟಿದ್ದಳು. ಎಡಗಾಲಿನ ಮೀನಖಂಡ ಬಲದ್ದಕ್ಕಿಂತ ತೆಳ್ಳಗಾಗಿಯೇ ಉಳಿದಿತ್ತು, ಬಹುಶಃ ಹಾಗೆಯೇ ಉಳಿಯುತ್ತದೆ. ಎರ್ವೆ ಮಧ್ಯಮ ನಡೆಯಲ್ಲಿ ಆರಂಭಿಸಿದ. ವೇಗವಿಲ್ಲವೆಂದು ಯುವಕರು ಮೊದಲು ಮುಖ ನೋಡಿಕೊಂಡರು. ಆದರೆ ಎಷ್ಟೋ ವರ್ಷಗಳಿಂದ ಗೋಡೆಗೆ ಒರಗಿ ಕೂರುತ್ತಿದ್ದ ಮುದುಕ ಮುದುಕಿಯರು ಒಬ್ಬೊಬ್ಬರಾಗಿ ಎದ್ದು ಕುಣಿಯಲು ಬಂದರು.

ಎರಡು ಪದ ಮುಗಿಯಿತು. ಜನ ಕೂಗಿದರು, "ಇನ್ನೊಂದು! ಒಡಿಲ್, ಇನ್ನೊಂದು!" ಕಾಲು ನೋಯುತ್ತಿರಲಿಲ್ಲ. ಅದಕ್ಕೇ ಎದ್ದು ಹೊರಡುವುದು ಕಷ್ಟವಾಯಿತು. ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

"ಕಾಲು ಸಾಕು ಅಂದಮೇಲೆ ಎಲ್ಲರೂ ನಿಲ್ಲಿಸ್ತಾರೆ. ನಾನು ಅದು ಹೇಳೋಕೆ ಮುಂಚೆ ನಿಲ್ಲಿಸ್ತೀನಿ" ಎಂದು ಎರ್ವೆಯ ಕಿವಿಯಲ್ಲಿ ಹೇಳಿ ಹೊರಬಂದಳು.

ಆಲ್ಡೇಜ್ ಗಾಡಿ ತರಲು ಹೊರಟ. "ಬೇಡ, ನಡ್ಕೊಂಡೇ ಹೋಗೋಣ" ಎಂದಳು. ಇಬ್ಬರೂ ಹೊಳೆಯ ಪಕ್ಕದ ದಾರಿ ಹಿಡಿದರು. ಅರ್ಧ ದಾರಿಯಲ್ಲಿ, ಯಾರದೋ ಮನೆಯ ಮುಂದಿನ ಮೋಟುಗೋಡೆ ಕಂಡು, ಒಡಿಲ್ ನಿಂತಳು.

"ಇಲ್ಲಿಗೆ ಸಾಕು. ಈಗ ಹೋಗಿ ಗಾಡಿ ತಾ."

"ಇಲ್ಲೇ ಕೂತಿರ್ತೀಯಾ?"

"ಇರ್ತೀನಿ. ಓಡಬೇಡ, ಮೆಲ್ಲಗೆ ಬಾ."

ಆಲ್ಡೇಜ್ ತಲೆಯಾಡಿಸಿ ಹಿಂದಿರುಗಿದ. ಅವಳು ಗೋಡೆಯ ಮೇಲೆ ಕೂತು, ಕಾಲು ಚಾಚಿ, ಹೊಳೆಯ ನೀರನ್ನು ನೋಡತೊಡಗಿದಳು.