ಎಡಗಡೆಯ ವಯಲಿನ್

ಆ ಅಮೆರಿಕದ ಬ್ಯಾಂಡಿನ ಕತೆ ಮುಗಿಯಿತು ಎಂದು ನಮ್ಮ ವರ್ಕ್‌ಶಾಪಿನಲ್ಲಿ ಮೊದಲು ಹೇಳಿದವನು ನಾನು. ಬಹರೈನಿನ ಟುಬ್ಲಿಯಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸುವ ಕೆಲಸ ನಮ್ಮದು. ಊಟದ ಹೊತ್ತು, ಬಾಯಲ್ಲಿ ಕುಬ್ಬೂಸ್ ರೊಟ್ಟಿ ಇಟ್ಟುಕೊಂಡೇ ಹೇಳಿದೆ. ವರ್ಷಗಟ್ಟಲೆ ಸುಮ್ಮನಿದ್ದ ಅವರು ಆಗಷ್ಟೇ ಹೊಸ ಆಲ್ಬಮ್ ಬಿಟ್ಟಿದ್ದರು. ಕೆಲಸಕ್ಕೆ ಬರುವ ವ್ಯಾನಿನಲ್ಲಿ ಇಯರ್‌ಫೋನ್ ಹಾಕಿ ಪೂರ್ತಿ ಕೇಳಿದ್ದೆ. ಸಪ್ಪೆ.

"ಅವರದ್ದು ಖಲಾಸ್ ಕಾಕ. ಒಳಗೆ ಎಂತದೂ ಇಲ್ಲ, ಖಾಲಿ ಡಬ್ಬ."

"ಖಾಲಿ ಡಬ್ಬ ನಿನ್ನ ತಲೆ," ಎಂದರು ಕಾಕ. "ಇಷ್ಟು ಒಳ್ಳೇದು ಅವರು ಇದುವರೆಗೆ ಮಾಡ್ಲಿಲ್ಲ ಮಾರಾಯ. ಇನ್ನೊಂದು ಸಲ ಕೇಳು."

ಕಾಕ ಉಳ್ಳಾಲದ ಬ್ಯಾರಿ, ನಮ್ಮ ಹಿರಿಯ ಫಿಟ್ಟರ್. ನಾನು ಮೂಡಬಿದ್ರೆ ಕಡೆಯವನು, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಲ್ಲಿಗೆ ಬರುವಾಗ ವೈರಿಂಗ್ ಬಿಟ್ಟರೆ ಏನೂ ಗೊತ್ತಿರಲಿಲ್ಲ. ಟ್ಯೂನಿಂಗ್ ಕಲಿಸಿದ್ದು ಕಾಕ. ಟ್ಯೂನಿಂಗ್ ಎಂದರೆ ಡ್ರೈವರ್ ಸೀಟಿನಲ್ಲಿ ಕೂತು, ಗ್ಲಾಸ್ ಏರಿಸಿ, ಎಡದ್ದು ಬಲದ್ದು ಎಲ್ಲ ಸ್ಪೀಕರ್ ಸಮಕ್ಕೆ ತರುವುದು. ಅದಕ್ಕೆ ಮಷಿನ್ ಇದೆ. ಆದರೆ ನಮ್ಮ ಅರ್ಬಾಬ್, ಅಂದರೆ ಬಹರೈನಿ ಮಾಲೀಕ, ಮಷಿನನ್ನು ನಂಬುವುದಿಲ್ಲ. "ಕಾನ್ ಸೇ ಕರೋ" ಎನ್ನುತ್ತಾನೆ. ಕಿವಿ ಇದ್ದವನಿಗೆ ಡ್ರೈವರ್ ಸೀಟು, ಇಲ್ಲದವನಿಗೆ ಸ್ಕ್ರೂಡ್ರೈವರ್. ನನ್ನ ವೀಸಾ ಮುಂದುವರಿದದ್ದು ಕಿವಿಯಿಂದ.

ಟ್ಯೂನಿಂಗಿಗೆ ನಾವು ಹಾಕುತ್ತಿದ್ದದ್ದು ಆ ಅಮೆರಿಕದ ಬ್ಯಾಂಡನ್ನೇ. ಅದಕ್ಕೆ ಕಾರಣ ಇತ್ತು. ಒಂದೇ ಹಾಡಿನಲ್ಲಿ ರ‍್ಯಾಪ್ ಹೊಡೆಯುತ್ತಾರೆ, ಮಧ್ಯದಲ್ಲಿ ಕಹಳೆ ಊದುತ್ತಾರೆ, ಕೊನೆಗೆ ಗಿಟಾರಿನಲ್ಲಿ ಗೋಡೆ ಒಡೆಯುತ್ತಾರೆ. ಒಂದು ಹಾಡು ಹಾಕಿದರೆ ಇಡೀ ಕಾರಿನ ಪರೀಕ್ಷೆ ಆದ ಹಾಗೆ. ಇಂಗ್ಲಿಷ್ ಶಬ್ದ ನನಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ಯಾವ ಸದ್ದು ಎಲ್ಲಿಂದ ಬರುತ್ತದೆ ಎಂದು ಮಾತ್ರ ತಿಳಿದಿತ್ತು.

ಅವರ ಮೊದಲ ರೆಕಾರ್ಡ್ ಯಾರದೋ ಶೆಡ್ಡಿನಲ್ಲಿ ಮಾಡಿದ್ದಂತೆ. ಡ್ರಮ್ಮಿನ ಹಿಂದೆ ಹೊರಗಿನ ಲಾರಿ ಹೋಗುವುದೂ ಕೇಳುತ್ತದೆ. ಎರಡನೆಯದರಲ್ಲಿ ಹೆಸರು ಮಾಡಿದರು. ಡೋರಿನ ಪ್ಲಾಸ್ಟಿಕ್ ಸಡಿಲ ಇದೆಯಾ ನೋಡಲು ಅದರ ಬೇಸ್ ಸಾಕು. ಮೂರನೆಯದರಲ್ಲಿ ಒಮ್ಮೆಗೇ ಹಳ್ಳಿ ಹಾಡಿನ ಕಡೆ ತಿರುಗಿದರು, ಮೆಲ್ಲಗೆ, ಗಂಟಲು ಕಟ್ಟಿದವರ ಹಾಗೆ. ಅಭಿಮಾನಿಗಳು ಬೈದರು. ಡ್ರಮ್ ಹೊಡೆಯುವವನು ಬಿಟ್ಟು ಹೋದ. ಆಮೇಲೆ ಸ್ಟೇಜಿನ ಮೇಲೆ ಹಾಡಿದ ಒಂದು ರೆಕಾರ್ಡ್ ಬಂತು, ಅದರಲ್ಲಿ ಹಾಡಿಗಿಂತ ಜನರ ಕೂಗೇ ಜಾಸ್ತಿ. ನಂತರ ಸುದ್ದಿಯೇ ಇಲ್ಲ. ಈಗ ಈ ಹೊಸದು.

ಎರಡನೇ ಸಲ ಕೇಳಿದೆ. ಮೂರನೇ ಸಲವೂ ಕೇಳಿದೆ. ಬಲಗಡೆ ಗಿಟಾರ್, ನಡುವೆ ಹಾಡುವವನು, ಎಡಗಡೆ ಸುಮ್ಮನೆ ಗಾಳಿ. ಇಷ್ಟು ವರ್ಷ ಕೂತು ಇದಾ ಮಾಡಿದ್ದು ಎಂದು ಸಿಟ್ಟು ಬಂತು. ಹಣ ಸಾಲದೆ ಅರ್ಧಕ್ಕೆ ಬಿಟ್ಟ ಮನೆಯ ಹಾಗಿತ್ತು. ಕಾಕನ ಹತ್ತಿರ ದಿನಾ ಜಗಳ ಮಾಡಿದೆ.

ಅದೇ ಸಮಯದಲ್ಲಿ ನಾನು ಟ್ಯೂನ್ ಮಾಡಿದ ಕಾರುಗಳು ವಾಪಸ್ ಬರತೊಡಗಿದವು. ಒಬ್ಬ ಪಾಕಿಸ್ತಾನಿ ಡ್ರೈವರ್ ಬಂದು ಎಡಗಡೆ ಚುಚ್ಚುತ್ತದೆ ಎಂದ. ಸ್ಪೀಕರ್ ಕಂಪನಿಯನ್ನು ಬೈದು ಬದಲಿಸಿ ಕೊಟ್ಟೆ. ಆಮೇಲೆ ಸೀಫ್‌ನಲ್ಲಿ ಆಫೀಸ್ ಕೆಲಸ ಮಾಡುವ ನಮ್ಮ ಕಡೆಯ ಹೆಂಗಸೊಬ್ಬರು ಬಂದರು, ಉಡುಪಿ ಹತ್ತಿರದ ಕ್ರಿಶ್ಚಿಯನ್ನರು. ನಮ್ಮಲ್ಲಿ ಅಂಥವರನ್ನು ಬಾಯಿ ಎಂದು ಕರೆಯುವುದು.

"ಎಂತ ಮಾಡಿ ಇಟ್ಟಿದ್ದೀರಿ ನೀವು? ಎಡಬದಿ ಮಾತ್ರ ಕಿರುಚ್ತದೆ. ನನ್ನ ಮಗಳು ಆ ಬದಿ ಕೂತ್ಕೊಳ್ಳುದೇ ಇಲ್ಲ."

"ಬಾಯಿ, ಎರಡೂ ಸಮ ಉಂಟು. ನಿಮಗೆ ಅಭ್ಯಾಸ ಆಗ್ಬೇಕಷ್ಟೆ."

"ಅಭ್ಯಾಸ ಆಗ್ಲಿಕ್ಕೆ ಇದೇನು ಹೊಸ ಚಪ್ಪಲಿಯಾ?"

ಎಡಗಡೆ ಡೋರ್ ಬಿಚ್ಚಿದೆ. ವೈರ್ ಸರಿ ಇತ್ತು, ಸ್ಪೀಕರ್ ಸರಿ ಇತ್ತು. ಮುಚ್ಚಿ ಸೀಟಿನಲ್ಲಿ ಕೂತು ಕೇಳಿದರೆ, ಎಡವನ್ನು ನಾನೇ ಏರಿಸಿ ಇಟ್ಟಿದ್ದರೂ, ನನಗೆ ಅದು ಇನ್ನೂ ಸ್ವಲ್ಪ ಕಡಿಮೆಯೇ ಅನಿಸಿತು. ಆಕೆಗೆ ಸಮಾಧಾನವಾಗಲಿ ಎಂದು ಒಂಚೂರು ಇಳಿಸಿ ಕಳಿಸಿದೆ.

ಮರುದಿನ ಕಾಕ ಒಂದು ದೊಡ್ಡ ಜೀಪಿನಲ್ಲಿ ಹೊಸ ಆಲ್ಬಮ್ ಹಾಕಿ ನನ್ನನ್ನು ಪಕ್ಕಕ್ಕೆ ಕೂರಿಸಿದರು.

"ಬಾಯಿ ಮುಚ್ಚಿ ಕೇಳು. ಆ ಎಡಗಡೆಯ ವಯಲಿನ್ ಉಂಟಲ್ಲ, ಅದರ ಮೇಲೆಯೇ ಇಡೀ ಹಾಡು ನಿಂತದ್ದು. ಗಿಟಾರಿಗೆ ಅದು ಉತ್ತರ ಕೊಡ್ತದೆ ನೋಡು."

"ಯಾವ ವಯಲಿನ್?"

ಕಾಕ ನಕ್ಕರು. "ತಮಾಷೆ ಮಾಡ್ಬೇಡ ಆಯ್ತಾ."

"ಇಲ್ಲ ಕಾಕ. ಯಾವ ವಯಲಿನ್?"

ನನಗೆ ಕೇಳಿದ್ದು ಪಕ್ಕದ ಮನೆಯಲ್ಲಿ ಯಾರೋ ಏನೋ ಎಳೆದ ಹಾಗೆ, ಅದೂ ಬಲಗಿವಿಯಲ್ಲಿ. ಕಾಕ ಹಾಡು ನಿಲ್ಲಿಸಿದರು. ನನ್ನ ಮುಖ ನೋಡಿದರು. ನಾನು ಜೇಬಿನಿಂದ ಇಯರ್‌ಫೋನ್ ತೆಗೆದು ಉಲ್ಟಾ ಹಾಕಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಾಡು ಶುರುವಾದ ಕೂಡಲೇ ಬಲಗಿವಿಯಲ್ಲಿ ವಯಲಿನ್ ಎದ್ದು ನಿಂತಿತು. ಅಷ್ಟು ಚೆಂದದ್ದನ್ನು ಆ ಬ್ಯಾಂಡು ಮೊದಲು ಎಂದೂ ನುಡಿಸಿರಲಿಲ್ಲ. ಗಿಟಾರ್ ಈಗ ಎಡಕ್ಕೆ ಹೋಗಿತ್ತು. ಅದರ ದಪ್ಪ ಸದ್ದು ಮಾತ್ರ ಬಂತು, ತಂತಿ ಮೀಟುವ ಚೂಪು ಇರಲಿಲ್ಲ.

ಮುಗಿದದ್ದು ಬ್ಯಾಂಡು ಅಲ್ಲ.

ಕಿವಿಯ ಡಾಕ್ಟರ್ ನನ್ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿದ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಲಗಿವಿಗೆ ಒತ್ತುತ್ತಲೇ ಇದ್ದೆ. ಎಡಗಿವಿಗೆ ಹಾಕಿದ ಮೇಲೆ ದಪ್ಪ ಸದ್ದಿಗೆ ಒಂದೆರಡು ಸಲ ಒತ್ತಿದೆ, ಆಮೇಲೆ ಕೈ ಸುಮ್ಮನಿತ್ತು. ಗಾಜಿನಾಚೆ ನರ್ಸ್ ನನ್ನ ಕೈಯನ್ನೇ ನೋಡುತ್ತಿದ್ದಳು, ಅಂದರೆ ಸದ್ದು ಬರುತ್ತಿತ್ತು. ನರ ಸತ್ತಿದೆ, ವಾಪಸ್ ಬರುವುದಿಲ್ಲ, ಇದೇ ಕೆಲಸ ಮಾಡಿದರೆ ಇನ್ನೊಂದೂ ಹೋಗಬಹುದು ಎಂದು ಡಾಕ್ಟರ್ ಹಿಂದಿಯಲ್ಲಿ ಹೇಳಿದ. ಬೇರೆ ಯಾವ ಕೆಲಸ ಎಂದು ಕೇಳಿದರೆ ಅದು ಅವನ ವಿಷಯ ಅಲ್ಲ.

"ಯಾರ ಹತ್ತಿರವೂ ಹೇಳ್ಬೇಡ," ಎಂದರು ಕಾಕ. "ವೀಸಾ ಮುಂದುವರಿಯಲಿ. ನೀನು ಸೀಟಲ್ಲಿ ಕೂತ್ಕೋ, ನಾನು ಹೊರಗಿಂದ ಕೈಯಲ್ಲಿ ಸನ್ನೆ ಮಾಡ್ತೇನೆ. ಅರ್ಬಾಬನಿಗೆ ಎಂತ ಗೊತ್ತಾಗ್ತದೆ?"

ಹಾಗೇ ಮಾಡಿದೆವು. ಕೆಲವು ಕಾರು ಹೋದವು. ಕಾಕ ಡಿಕ್ಕಿಯ ಹತ್ತಿರ ನಿಂತು ಗ್ಲಾಸಿನಲ್ಲಿ ಕಾಣುವ ಹಾಗೆ ಹೆಬ್ಬೆರಳು ಮೇಲೆ, ಕೆಳಗೆ ಮಾಡುತ್ತಿದ್ದರು. ಹೊರಗಿಂದ ಕೇಳಿದರೆ ಕಾರಿನೊಳಗಿನದು ತಿಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಬಾಯಿ ಮತ್ತೆ ಬಂದರು. ಈ ಸಲ ಈಸಾ ಟೌನಿನ ಶಾಲೆಯಿಂದ ಮಗಳನ್ನು ಕರೆದುಕೊಂಡು ನೇರ ಬಂದಿದ್ದರು. ನನಗೆ ತೋರಿಸಲಿಕ್ಕೆಂದೇ ಹುಡುಗಿಯನ್ನು ಹಿಂದೆ ಎಡಬದಿಯಲ್ಲಿ ಕೂರಿಸಿದ್ದರು. ಅರ್ಬಾಬ್ ಕೂಡ ಅಲ್ಲೇ ಇದ್ದ. ನಾನು ಸೀಟಿನಲ್ಲಿ ಕೂತು ಹೊಸ ಆಲ್ಬಮ್ ಹಾಕಿದೆ. ಹುಡುಗಿ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು.

"ಮಮ್ಮಿ, ಇಟ್ಸ್ ಹರ್ಟಿಂಗ್!"

"ಕೇಳಿತಾ?" ಎಂದರು ಬಾಯಿ. "ಈಗಲೂ ಸಮ ಉಂಟು ಅಂತ ಹೇಳ್ತೀರಾ?"

ಕಾಕ ಹೊರಗಿಂದ ಹೆಬ್ಬೆರಳು ಕೆಳಗೆ ಮಾಡುತ್ತಿದ್ದರು. ನಾನು ಕನ್ನಡಿಯಲ್ಲಿ ಆ ಹುಡುಗಿಯನ್ನು ನೋಡಿದೆ. ಎಂಟೋ ಒಂಬತ್ತೋ ವರ್ಷ ಇರಬೇಕು. ಹಾಡು ನಿಲ್ಲಿಸಿ ಇಳಿದೆ.

"ನನಗೆ ಗೊತ್ತಾಗುದಿಲ್ಲ ಬಾಯಿ. ನನ್ನ ಎಡಗಿವಿ ಹೋಗಿದೆ. ಕಾಕ ಕೂತ್ಕೊಳ್ಳಲಿ."

ಅರ್ಬಾಬನಿಗೆ ನಾನೇ ಹಿಂದಿಯಲ್ಲಿ ಹೇಳಿದೆ. ಅವನು ನನ್ನ ಎಡಗಿವಿಯನ್ನು ನೋಡಿದ, ಹೊರಗಿಂದ ಏನಾದರೂ ಕಾಣುತ್ತದೆಯೋ ಎನ್ನುವ ಹಾಗೆ.

"ಕಲ್ ಸೇ ತುಮ್ ಗ್ಲಾಸ್ ಫಿಲ್ಮ್ ಕಾ ಕಾಮ್," ಎಂದ. ನಾಳೆಯಿಂದ ನನಗೆ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಕೆಲಸ. ವೀಸಾ ಮಾತು ಎತ್ತಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ.

ಕಾಕ ಸೀಟಿನಲ್ಲಿ ಕೂತರು. ನನ್ನ ಮುಖ ನೋಡಲಿಲ್ಲ. ಸಿಟ್ಟು ಅವರ ಕುತ್ತಿಗೆಯಲ್ಲಿ ಕಾಣುತ್ತಿತ್ತು. ನಾನು ಸ್ಕ್ರೂಡ್ರೈವರ್ ಹಿಡಿದು ಡಿಕ್ಕಿಯಲ್ಲಿದ್ದ ಆಂಪ್ಲಿಫಯರಿನ ಎದುರು ಬಗ್ಗಿದೆ. ಹಾಡು ಮತ್ತೆ ಶುರುವಾಯಿತು.

"ಇಳಿಸು," ಎಂದರು ಕಾಕ.

ಎಡಗಡೆಯ ಸ್ಕ್ರೂ ತಿರುಗಿಸಿದೆ.

"ಇನ್ನೂ ಇಳಿಸು."

ವಯಲಿನ್ ನನ್ನ ಮಟ್ಟಿಗೆ ಎಳೆ ಎಳೆಯಾಗಿ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಹುಡುಗಿ ಒಂದು ಕೈ ತೆಗೆದಳು.

"ಇನ್ನೊಂಚೂರು."

ಹುಡುಗಿ ಇನ್ನೊಂದು ಕೈಯನ್ನೂ ತೆಗೆದಳು. ನನಗೆ ಆ ಕಡೆ ಏನೂ ಉಳಿದಿರಲಿಲ್ಲ.

"ಸಾಕು," ಎಂದರು ಕಾಕ. "ಈಗ ಸಮ ಆಯ್ತು."